ನಾಲ್ಕೈದು ಕಡೆ ಕೆಲಸ ಮಾಡಿದವರು ಎಂಬಿಎಗೆ ಅಪ್ಲೈ ಮಾಡೋದು ಹೇಗೆ

ನಮ್ಮ ಕಾಸರಗೋಡು ಕಡೆ ಡಿಗ್ರಿ ಮುಗಿಸಿ ಏಳೆಂಟು ವರ್ಷ ಆದವರ ಕೆಲಸದ ಲೆಕ್ಕ ಕೇಳಿದ್ರೆ ಹೆಚ್ಚಿನವರದ್ದು ಒಂದೇ ತರ ಇರ್ತದೆ. ಶುರುವಿಗೆ ಊರಲ್ಲೇ ಒಂದು ಅಂಗಡಿ ಅಥವಾ ಸೊಸೈಟಿ, ಆಮೇಲೆ ಎರಡು ವರ್ಷ ಗಲ್ಫು, ವಾಪಸ್ ಬಂದು ಮಂಗಳೂರಲ್ಲಿ ಒಂದು ಆಫೀಸು, ನಡುವೆ ಅಪ್ಪನಿಗೋ ಅಮ್ಮನಿಗೋ ಹುಷಾರಿಲ್ಲ ಅಂತ ಆರು ತಿಂಗಳು ಮನೆ-ತೋಟ. ಅಂಥವರು ಎಂಬಿಎ ಮಾಡ್ಬೇಕು ಅಂತ ಹೊರಟಾಗ ಮೊದಲು ಕೇಳೋದೇ "ನನ್ನದೆಲ್ಲ ಚೂರು ಚೂರು ಕೆಲಸ, ಅವರು ತಗೊಳ್ತಾರಾ" ಅಂತ. ನಾನೂ ಹಾಗೇ ಕೇಳಿದವನು. ತಗೊಳ್ತಾರೆ. ಆದ್ರೆ ನೀವು ಎಲ್ಲೆಲ್ಲಿ ಕೂತಿದ್ರಿ ಅಂತ ಪಟ್ಟಿ ಕೊಟ್ರೆ ತಗೊಳ್ಳೋದಿಲ್ಲ, ಪ್ರತಿ ಕಡೆ ನೀವು ಎಂತ ನಿರ್ಧಾರ ತಗೊಂಡ್ರಿ ಅಂತ ಹೇಳಿ ಅದಕ್ಕೆ ಕಾಗದ ತೋರಿಸಿದ್ರೆ ತಗೊಳ್ತಾರೆ. ಈ ವ್ಯತ್ಯಾಸ ಗೊತ್ತಾಗ್ಲಿಕ್ಕೆ ನನಗೆ ಒಂದು ವರ್ಷ ಹೋಯ್ತು, 2022ರಲ್ಲಿ ಹಾಕಿದ ಮೂರು ಅರ್ಜಿಯೂ ವಾಪಸ್ ಬಂತು, 2023ರಲ್ಲಿ ಅದೇ ಕೆಲಸಗಳು, ಅದೇ ಮಾರ್ಕು, ಅರ್ಜಿ ಮಾತ್ರ ಬೇರೆ ತರ ಬರೆದೆ, ಸೀಟು ಸಿಕ್ಕಿತು.

ನನ್ನ ಲೆಕ್ಕ ಮೊದಲೇ ಹೇಳಿಬಿಡ್ತೇನೆ, ಮುಂದೆ ಉದಾಹರಣೆ ಎಲ್ಲ ಇದರಿಂದಲೇ ಬರ್ತದೆ. 2014ರಲ್ಲಿ ಬಿಕಾಂ. ಎರಡು ವರ್ಷ ಬದಿಯಡ್ಕ ಕಡೆಯ ಒಂದು ಅಡಿಕೆ ಅಂಗಡಿಯಲ್ಲಿ ಲೆಕ್ಕ ಮತ್ತೆ ಖರೀದಿ. 2016ರಿಂದ 2018ರ ಕೊನೆವರೆಗೆ ಶಾರ್ಜಾದಲ್ಲಿ ಸೂಪರ್ ಮಾರ್ಕೆಟಿನ ಸ್ಟೋರು. 2019ರಿಂದ ಮಂಗಳೂರಲ್ಲಿ ಔಷಧ ಡಿಸ್ಟ್ರಿಬ್ಯೂಟರ್ ಆಫೀಸು. 2020ರ ಮಾರ್ಚಲ್ಲಿ ಕೊರೊನಾಕ್ಕೆ ತಲಪಾಡಿಯ ಕೇರಳ-ಕರ್ನಾಟಕ ಗಡಿ ಬಂದ್ ಆಯ್ತಲ್ಲ, ಆ ಕೆಲಸ ಅಲ್ಲಿಗೇ ಮುಗೀತು. ಆರು ತಿಂಗಳು ಖಾಲಿ. ಮತ್ತೆ ಮೂರು ವರ್ಷ ಊರಿನ ಸೊಸೈಟಿಯ ಗೊಬ್ಬರ ಡಿಪೋದಲ್ಲಿ ಕಾಂಟ್ರಾಕ್ಟು.

ಮೊದಲ ಕೆಲಸ, ಯಾವ ಬಾಗಿಲು ನಿಮ್ಮದು ಅಂತ ನೋಡ್ಕೊಳ್ಳಿ. ಎಂಬಿಎ ಅಂದ್ರೆ ಎಲ್ಲರೂ ಕ್ಯಾಟ್ (ಐಐಎಂ ಅನ್ನುವ ಕೇಂದ್ರದ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಎಂಟ್ರೆನ್ಸ್ ಪರೀಕ್ಷೆ) ಅಂತಲೇ ತಿಳ್ಕೊಂಡಿರ್ತಾರೆ. ಕ್ಯಾಟ್ ಬರೆದು ಸೇರೋ ಎರಡು ವರ್ಷದ ಕೋರ್ಸಿಗೆ ಕೆಲಸದ ಅನುಭವ ಕಡ್ಡಾಯ ಅಲ್ಲ, ಡಿಗ್ರಿಯಲ್ಲಿ ಶೇಕಡಾ 50 ಬೇಕು, ಎಸ್‌ಸಿ ಎಸ್‌ಟಿ ಮತ್ತೆ ಅಂಗವಿಕಲರಿಗೆ 45. ಆದ್ರೆ ಇಂಟರ್ವ್ಯೂಗೆ ಕರೆಯೋದಕ್ಕೆ ಮುಂಚೆ ಹತ್ತನೇ ಕ್ಲಾಸು, ಪ್ಲಸ್ ಟು, ಡಿಗ್ರಿ ಮಾರ್ಕು ಎಲ್ಲ ಲೆಕ್ಕಕ್ಕೆ ಹಿಡಿಯೋ ಐಐಎಂಗಳು ತುಂಬ ಉಂಟು, ಕ್ಲಾಸಲ್ಲಿ ಸುತ್ತ ಕೂರೋರು ಹೆಚ್ಚಿನವರು ಇಪ್ಪತ್ತೆರಡು ಇಪ್ಪತ್ತನಾಲ್ಕರವರು. ಒಂದೆರಡು ವರ್ಷ ಮಾತ್ರ ಕೆಲಸ ಮಾಡಿದವರಿಗೆ ಇದು ಸರಿ. ಐದು ವರ್ಷ ದಾಟಿದವರಿಗೆ ಒಂದು ವರ್ಷದ ಕೋರ್ಸು ಅಂತ ಬೇರೆಯೇ ಉಂಟು, ಅದು ಅನುಭವ ಇದ್ದವರಿಗೆಂದೇ ಮಾಡಿದ್ದು. ಹೈದರಾಬಾದಿನ ಐಎಸ್‌ಬಿಯ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಪಿಜಿಪಿ ಕೋರ್ಸಿಗೆ ಡಿಗ್ರಿ ಆದ ಮೇಲೆ ಕನಿಷ್ಠ 24 ತಿಂಗಳು ಫುಲ್ ಟೈಮ್ ಕೆಲಸ ಬೇಕು, ಅಹಮದಾಬಾದ್ ಐಐಎಂನ ಪಿಜಿಪಿಎಕ್ಸ್‌ಗೆ ನಾಲ್ಕು ವರ್ಷ, ಬೆಂಗಳೂರು ಐಐಎಂನ ಇಪಿಜಿಪಿಗೆ ಐದು ವರ್ಷ. ಇಂಥಾ ಕೋರ್ಸುಗಳಿಗೆ ಹೊರದೇಶದಲ್ಲೂ ನಡೆಯುವ ಪರೀಕ್ಷೆಗಳಾದ ಜಿಮ್ಯಾಟ್ ಅಥವಾ ಜಿಆರ್‌ಇ ಸ್ಕೋರ್ ನಡೀತದೆ. ನಾಲ್ಕು ಕಡೆ ದುಡಿದವರಿಗೆ ನನ್ನ ಅಭಿಪ್ರಾಯದಲ್ಲಿ ಈ ಬಾಗಿಲೇ ಚೆನ್ನ, ಯಾಕಂದ್ರೆ ಇಲ್ಲಿ ಅರ್ಜಿಯ ಮುಕ್ಕಾಲು ಪಾಲು ನಿಮ್ಮ ಕೆಲಸದ ಬಗ್ಗೆಯೇ ಇರ್ತದೆ, ಹತ್ತನೇ ಕ್ಲಾಸಿನ ಮಾರ್ಕಿನ ಬಗ್ಗೆ ಅಲ್ಲ.

ದೂರ ಹೋಗ್ಲಿಕ್ಕೆ ಆಗದವರಿಗೆ ಹತ್ತಿರದಲ್ಲೂ ಉಂಟು. ಪೆರಿಯದ ಸೆಂಟ್ರಲ್ ಯೂನಿವರ್ಸಿಟಿಯಲ್ಲಿ ಎಂಬಿಎ ಉಂಟು, ಕಣ್ಣೂರು ಯೂನಿವರ್ಸಿಟಿಯಲ್ಲಿ ಉಂಟು, ಆ ಕಡೆ ಕೊಣಾಜೆಯ ಮಂಗಳೂರು ಯೂನಿವರ್ಸಿಟಿಯಲ್ಲಿ ಉಂಟು. ಕೇರಳದ ಕಾಲೇಜಿಗೆ ಕೆಮ್ಯಾಟ್, ಕರ್ನಾಟಕದ ಸರಕಾರಿ ಕೋಟಾ ಸೀಟಿಗೆ ಪಿಜಿಸಿಇಟಿ, ಎರಡೂ ಆಯಾ ರಾಜ್ಯದ ಎಂಟ್ರೆನ್ಸ್ ಪರೀಕ್ಷೆ. ಕೋಝಿಕ್ಕೋಡಿನ ಐಐಎಂ 1996ರಿಂದ ಉಂಟು, ನಮ್ಮ ಊರಿಂದ ಬೆಳಗ್ಗೆ ರೈಲು ಹತ್ತಿದ್ರೆ ಮಧ್ಯಾಹ್ನದೊಳಗೆ ಮುಟ್ಟುವ ದೂರ, ಆದ್ರೂ ನಮ್ಮ ಕನ್ನಡ ಮೀಡಿಯಂ ಮಕ್ಕಳು ಅದು ನಮಗಲ್ಲ ಅಂತ ತಿಳ್ಕೊಂಡು ಅರ್ಜಿಯೇ ಹಾಕೋದಿಲ್ಲ, ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಬಾಗಿಲು ಗೊತ್ತಾದ ಮೇಲೆ ಕೋಚಿಂಗಿಗೆ ಓಡ್ಬೇಡಿ. ಕಾಗದ ಒಟ್ಟು ಮಾಡ್ಲಿಕ್ಕೆ ಓಡಿ. ಪರೀಕ್ಷೆಗೆ ನಾಲ್ಕು ತಿಂಗಳು ಓದಿದ್ರೆ ಸಾಕಾಗಬಹುದು, ಕಾಗದಕ್ಕೆ ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕಾಗ್ತದೆ. ನಾನು ಇದನ್ನು ಉಲ್ಟಾ ಮಾಡಿದ್ದೆ.

ಬಿಸಿನೆಸ್ ಸ್ಕೂಲಿನವರು ಅನುಭವ ಅಂತ ಹೇಳೋದು ಡಿಗ್ರಿ ಮುಗಿದ ಮೇಲಿನ ಫುಲ್ ಟೈಮ್, ಸಂಬಳದ ಕೆಲಸ ಅಥವಾ ಸ್ವಂತ ವ್ಯಾಪಾರ. ಡಿಗ್ರಿ ಓದ್ತಾ ಇರುವಾಗ ರಜೆಯಲ್ಲಿ ಮಾಡಿದ್ದು, ಟ್ರೈನಿಂಗು, ಇಂಟರ್ನ್‌ಶಿಪ್ಪು, ಪಾರ್ಟ್ ಟೈಮು ತಿಂಗಳ ಲೆಕ್ಕಕ್ಕೆ ಬರೋದಿಲ್ಲ. ಹಾಗಾಗಿ ಒಂದು ನೋಟ್ ಪುಸ್ತಕದಲ್ಲಿ ಪ್ರತಿ ಕೆಲಸದ ಸೇರಿದ ತಾರೀಕು, ಬಿಟ್ಟ ತಾರೀಕು, ಸಂಬಳ ಕೈಗೆ ಹೇಗೆ ಬರ್ತಿತ್ತು, ಕಾಗದ ಎಂತ ಉಂಟು ಅಂತ ಬರೀರಿ. ಬರೆಯುವಾಗಲೇ ಗೊತ್ತಾಗ್ತದೆ ಎಲ್ಲಿ ಗುಂಡಿ ಉಂಟು ಅಂತ.

ಪಿಎಫ್ ಇದ್ದ ಕೆಲಸ ಸುಲಭ. ಯುಎಎನ್ (ನಿಮ್ಮ ಪಿಎಫ್ ನಂಬರು) ಹಾಕಿ ಪಿಎಫ್ ಪೋರ್ಟಲಿಗೆ ಹೋದ್ರೆ ಸರ್ವಿಸ್ ಹಿಸ್ಟರಿ ಬರ್ತದೆ, ಸೇರಿದ್ದು ಬಿಟ್ಟದ್ದು ಎರಡೂ ತಾರೀಕು ಇರ್ತದೆ. ಬಿಟ್ಟ ತಾರೀಕನ್ನು ಕಂಪನಿಯವರು ಹಾಕದೆ ಬಿಟ್ಟದ್ದು ನನಗೆ ಆಯ್ತು, ಕಾಗದದ ಪ್ರಕಾರ ನಾನು ಆ ಆಫೀಸಲ್ಲೂ ಸೊಸೈಟಿಯಲ್ಲೂ ಒಟ್ಟೊಟ್ಟಿಗೆ ಇದ್ದೆ! ಕೊನೆಯ ಪಿಎಫ್ ಕಟ್ಟಿ ಎರಡು ತಿಂಗಳು ಕಳೆದ ಮೇಲೆ ಆ ತಾರೀಕನ್ನು ನಾವೇ ಪೋರ್ಟಲಲ್ಲಿ ಹಾಕ್ಲಿಕ್ಕೆ ಆಗ್ತದೆ, ಆಧಾರಿನ ಒಟಿಪಿ ಬಂದ್ರೆ ಐದು ನಿಮಿಷದ ಕೆಲಸ, ಇದನ್ನು ಇವತ್ತೇ ನೋಡಿ.

ಅಡಿಕೆ ಅಂಗಡಿ, ಜವಳಿ ಅಂಗಡಿ, ಹೋಟೆಲು, ಇಲ್ಲೆಲ್ಲ ಸಂಬಳ ಕೈಯಲ್ಲೇ ಕೊಡೋದು, ಸ್ಲಿಪ್ ಇಲ್ಲ, ಪಿಎಫ್ ಇಲ್ಲ. ಅಂಥ ಕಡೆ ಧನಿಗಳ ಹತ್ರ ಹೋಗಿ ಅಂಗಡಿಯ ಲೆಟರ್‌ಹೆಡ್ಡಲ್ಲಿ ಒಂದು ಪತ್ರ ತಗೊಳ್ಳಿ, ಅದರಲ್ಲಿ ತಾರೀಕು, ಕೆಲಸ ಎಂತದ್ದು, ತಿಂಗಳಿಗೆ ಎಷ್ಟು, ಅಂಗಡಿಯ ಜಿಎಸ್‌ಟಿ ನಂಬರು, ಫೋನ್ ನಂಬರು, ಸಹಿ, ಸೀಲು ಬೇಕು. ಜಿಎಸ್‌ಟಿ ಬಂದದ್ದೇ 2017ರ ಜುಲೈ 1ಕ್ಕೆ, ಅದಕ್ಕಿಂತ ಮುಂಚೆ ಮುಚ್ಚಿದ ಅಂಗಡಿ ಆದ್ರೆ ಹಳೇ ಲೆಟರ್‌ಹೆಡ್ಡಿನ ವ್ಯಾಟ್ ನಂಬರೇ ಇರ್ಲಿ, ತಪ್ಪಿಲ್ಲ. ಪತ್ರದ ಜೊತೆಗೆ ಒಂದು ಆಧಾರವೂ ಬೇಕು. ಸಂಬಳದ ದುಡ್ಡನ್ನು ನೀವು ಬ್ಯಾಂಕಿಗೆ ಹಾಕ್ತಿದ್ರೆ ಆ ಪಾಸ್‌ಬುಕ್, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದ್ರೆ ಅದು. ನನ್ನ ಹತ್ರ ಎರಡೂ ಇರ್ಲಿಲ್ಲ, ಧನಿಗಳು ಕಪಾಟಿನಿಂದ 2015ರ ಕಿರ್ದಿ ಪುಸ್ತಕ ತೆಗೆದು ನನ್ನ ಹೆಸರಿನ ಪುಟ ತೋರಿಸಿದ್ರು, ಪ್ರತಿ ತಿಂಗಳು 5ನೇ ತಾರೀಕಿಗೆ ನನ್ನದೇ ಅಕ್ಷರದಲ್ಲಿ ನನ್ನ ಸಂಬಳ ಬರೆದದ್ದು ಉಂಟು, ಕೆಳಗೆ ಅವರ ಸಹಿ. ಆ ಪುಟಗಳ ಫೋಟೋ ತೆಗೆದು ಪತ್ರದ ಹಿಂದೆ ಜೋಡಿಸಿದೆ, ಸ್ಕೂಲಿನವರು ಒಪ್ಪಿದ್ರು.

ಯಾವ ಆಧಾರವೂ ಇಲ್ಲದ ಕೆಲಸ ಆದ್ರೆ ಎಂತ ಮಾಡೋದು? ತಿಂಗಳ ಲೆಕ್ಕಕ್ಕೆ ಹಾಕ್ಬೇಡಿ, ಆದ್ರೆ ಅರ್ಜಿಯ ಜೊತೆ ಕೊಡುವ ಪ್ರಬಂಧದಲ್ಲಿ ಧೈರ್ಯವಾಗಿ ಬರೀರಿ. ಕೆಲಸ ಮಾಡಿದ್ದು ಸುಳ್ಳಲ್ಲ, ಲೆಕ್ಕಕ್ಕೆ ಸಿಗೋದಿಲ್ಲ ಅಷ್ಟೆ. ಗೊತ್ತಿದ್ದವರ ಕಂಪನಿಯಿಂದ ಒಂದು ಪತ್ರ ಮಾಡಿಸಿದ್ರೆ ಆಯ್ತಲ್ಲ ಅಂತ ಸಲಹೆ ಕೊಡೋರು ಬೇಕಾದಷ್ಟು ಜನ ಸಿಗ್ತಾರೆ, ಅವರ ಮಾತು ಕೇಳಲೇಬೇಡಿ, ಸೀಟು ಸಿಕ್ಕಿದ ಮೇಲೂ ಸ್ಕೂಲಿನವರ ತಪಾಸಣೆ ಏಜೆನ್ಸಿಯವರು ಫೋನ್ ಮಾಡಿ ಪ್ರತಿ ಕೆಲಸ ಚೆಕ್ ಮಾಡ್ತಾರೆ, ಸುಳ್ಳು ಸಿಕ್ಕಿದ್ರೆ ಕೋರ್ಸಿನ ಮಧ್ಯದಲ್ಲೂ ಹೊರಗೆ ಹಾಕುವ ನಿಯಮ ಉಂಟು.

ಗಲ್ಫಿನವರಿಗೆ ಬೇರೆ ತಲೆನೋವು. ವೀಸಾದಲ್ಲಿರುವ ಹುದ್ದೆ ಒಂದು, ಮಾಡುವ ಕೆಲಸ ಇನ್ನೊಂದು. ನನ್ನ ವೀಸಾದಲ್ಲಿ ಸೇಲ್ಸ್‌ಮ್ಯಾನ್ ಅಂತ ಇತ್ತು, ಎರಡು ವರ್ಷ ನೋಡಿದ್ದು ಪೂರ್ತಿ ಸ್ಟೋರು. ಇದನ್ನು ಅಡಗಿಸೋದು ಬೇಡ. ಅರ್ಜಿಯ ಫಾರ್ಮಿನಲ್ಲಿ ಕಂಪನಿಯ ಪತ್ರದಲ್ಲಿ ಇದ್ದ ಹುದ್ದೆಯನ್ನೇ ಹಾಕಿ, ಹೆಚ್ಚುವರಿ ಮಾಹಿತಿ ಅಂತ ಒಂದು ಜಾಗ ಇರ್ತದೆ, ಅಲ್ಲಿ ಎರಡು ಸಾಲಲ್ಲಿ ವೀಸಾದಲ್ಲಿ ಹೀಗಿತ್ತು, ಕೆಲಸ ಹೀಗಿತ್ತು ಅಂತ ಬರೀರಿ. ವೀಸಾ ಪುಟ, ಲೇಬರ್ ಕಾಂಟ್ರಾಕ್ಟ್, ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ಮೂರೂ ಒಟ್ಟಿಗೆ ಇಡಿ. ಯುಎಇಯಲ್ಲಿ 2009ರಿಂದ ಸಂಬಳ ಡಬ್ಲ್ಯುಪಿಎಸ್ ಅನ್ನುವ ಸರಕಾರದ ಸಂಬಳ ಪಾವತಿ ವ್ಯವಸ್ಥೆ ಮೂಲಕ ಬರೋದು, ಹಾಗಾಗಿ ದಾಖಲೆ ಅಲ್ಲಿ ಖಂಡಿತ ಇರ್ತದೆ, ಆದ್ರೆ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಬಂದ ಮೇಲೆ ಅದನ್ನು ತರಿಸೋದು ಕಷ್ಟ. ಈಗ ಅಲ್ಲಿ ಇರೋರು ಇದನ್ನು ಓದ್ತಾ ಇದ್ರೆ ಹೊರಡೋ ಮೊದಲೇ ಎಕ್ಸ್‌ಪೀರಿಯನ್ಸ್ ಲೆಟರ್ ಕೈಗೆ ತಗೊಳ್ಳಿ, ಸೀಲ್ ಸಮೇತ.

ಇನ್ನೊಂದು, ಗಡಿಯವರಿಗೆ ಮಾತ್ರ ಇರೋ ತೊಂದರೆ. ಸೊಸೈಟಿಯವರು ನನಗೆ ಕೊಟ್ಟ ಸರ್ಟಿಫಿಕೇಟು ಮಲಯಾಳದಲ್ಲಿತ್ತು. ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸ್ಬೇಕು, ಮೂಲವನ್ನೂ ಜೊತೆಗೆ ಇಡ್ಬೇಕು. ಹೆಸರಿನದ್ದು ಅದಕ್ಕಿಂತ ದೊಡ್ಡದು: ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಪೂರ್ತಿ, ಅಂಗಡಿಯ ಪತ್ರದಲ್ಲಿ ಮನೆ ಹೆಸರು. ಮೂರು ಜನ ಬೇರೆ ಬೇರೆ ಅಂತ ಕಾಣ್ತದೆ. ಇದಕ್ಕೆ ಅಕ್ಷಯ ಸೆಂಟರಿಗೆ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಹೋಗಿ, ಎಲ್ಲ ಹೆಸರೂ ಒಬ್ಬರದ್ದೇ ಅಂತ ಹೇಳುವ ವನ್ ಆಂಡ್ ದಿ ಸೇಮ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿ, ವಿಲ್ಲೇಜ್ ಆಫೀಸಿಂದ ಬರ್ತದೆ. ಒಬಿಸಿ ಮೀಸಲಾತಿ ಕೇಳುವವರು ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟನ್ನು ಕೇಂದ್ರದ ನಮೂನೆಯಲ್ಲೇ ತಗೊಳ್ಬೇಕು, ರಾಜ್ಯದ ನಮೂನೆ ಐಐಎಂಗೆ ನಡೆಯೋದಿಲ್ಲ, ಹಾಗೇ ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಕೇರಳದ ಕೆಳಗೆ ಉಂಟಾ ಅಂತ ನೋಡಿ, ಕರ್ನಾಟಕದ ಕೆಳಗೆ ಇದ್ದು ಪ್ರಯೋಜನ ಇಲ್ಲ. ಕರ್ನಾಟಕದ ಸೀಟಿಗೆ ಹೋಗೋರು ಮೊದಲು ಪ್ರಾಸ್ಪೆಕ್ಟಸ್ಸಲ್ಲಿ ಗಡಿನಾಡು, ಹೊರನಾಡು ಕನ್ನಡಿಗರ ಕಲಮನ್ನು ಹುಡುಕಿ ಓದಿ, ಕನ್ನಡ ಓದಿದ ದಾಖಲೆ ಕೇಳುವ ಜಾಗ ಅದು.

ಕಾಗದ ಆಯ್ತು. ಈಗ ಎಲ್ಲಕ್ಕಿಂತ ಮುಖ್ಯದ್ದು, ಇದಕ್ಕೆ ಸಮಯ ಕೊಡಿ.

ಮೊದಲ ಸಲ ನನ್ನ ರೆಸ್ಯೂಮೆಯಲ್ಲಿ ಶಾರ್ಜಾದ ಕೆಲಸಕ್ಕೆ ಬರೆದಿದ್ದು "ಸ್ಟಾಕ್ ನಿರ್ವಹಣೆಯ ಜವಾಬ್ದಾರಿ ಹೊತ್ತಿದ್ದೆ" ಅಂತ. ಇದನ್ನು ಓದಿದವರಿಗೆ ನನ್ನ ಬಗ್ಗೆ ಎಂತ ಗೊತ್ತಾಯ್ತು? ಏನೂ ಇಲ್ಲ, ಸ್ಟೋರಿನಲ್ಲಿ ಇದ್ದ ಯಾರು ಬೇಕಾದ್ರೂ ಬರೆಯುವ ಸಾಲು ಅದು. ಎರಡನೇ ಸಲ ಬರೆಯುವ ಮೊದಲು ಕೂತು ನೆನಪು ಮಾಡ್ಕೊಂಡೆ, ಅಲ್ಲಿ ನಾನು ನಿಜವಾಗಿ ಯಾರ ಹತ್ರವೂ ಕೇಳದೆ ನಿರ್ಧಾರ ಮಾಡಿದ್ದು ಯಾವಾಗ? ಮೊಸರು ಮತ್ತೆ ಲಬನ್, ಅಂದ್ರೆ ಅಲ್ಲಿನ ಮಜ್ಜಿಗೆ. ನಮ್ಮ ಅಂಗಡಿ ಹತ್ತಿರ ಲೇಬರ್ ಕ್ಯಾಂಪುಗಳು, ಗುರುವಾರ ರಾತ್ರಿ ಜನ ಮುಗಿಬಿದ್ದು ತಗೊಳ್ತಿದ್ರು, ಶನಿವಾರ ಯಾರೂ ಇಲ್ಲ, ಆದ್ರೆ ಸಪ್ಲೈಯವ ದಿನಾ ಒಂದೇ ಲೆಕ್ಕದಲ್ಲಿ 40 ಕ್ರೇಟು ಇಳಿಸಿ ಹೋಗ್ತಿದ್ದ, ಭಾನುವಾರ ಬೆಳಗ್ಗೆ ತಾರೀಕು ದಾಟಿದ್ದನ್ನೆಲ್ಲ ಮೂಲೆಯಲ್ಲಿ ಒಟ್ಟು ಹಾಕೋದೇ ನನ್ನ ಕೆಲಸ ಆಗಿತ್ತು. ಒಂದು ತಿಂಗಳು ದಿನಾ ಎಷ್ಟು ಹೋಯ್ತು ಅಂತ ಬಿಲ್ಲಿನ ಹಿಂದೆ ಬರ್ಕೊಂಡು, ಗುರುವಾರ ಹೆಚ್ಚು, ಶುಕ್ರವಾರ ಶನಿವಾರ 20 ಅಂತ ಮಾಡಿಸಿದೆ. ಬಿಸಾಡೋದು ಅರ್ಧಕ್ಕಿಂತ ಕಡಿಮೆ ಆಯ್ತು. ರೆಸ್ಯೂಮೆಯಲ್ಲಿ ಇದನ್ನೇ ಬರೆದೆ: ಹಾಲಿನ ಪದಾರ್ಥದ ಆರ್ಡರನ್ನು ವಾರದ ದಿನಕ್ಕೆ ತಕ್ಕ ಹಾಗೆ ಬದಲಾಯಿಸಿ, ಒಂದು ತಿಂಗಳ ಲೆಕ್ಕ ಇಟ್ಟು, ಹಾಳಾಗುವುದನ್ನು ಅರ್ಧಕ್ಕಿಂತ ಕೆಳಗೆ ತಂದೆ. ಒಂದೇ ಸಾಲು.

ನಿಮ್ಮ ಪ್ರತಿ ಕೆಲಸಕ್ಕೂ ಹೀಗೆ ಒಂದು ಘಟನೆ ಹುಡುಕಿ. ದೊಡ್ಡದೇ ಆಗ್ಬೇಕು ಅಂತ ಇಲ್ಲ. ಎಂತ ತೊಂದರೆ ಇತ್ತು, ನೀವು ಎಂತ ನೋಡಿದ್ರಿ, ಎಂತ ಮಾಡಿದ್ರಿ, ಆಮೇಲೆ ಎಂತ ಆಯ್ತು, ಅಷ್ಟೆ. ಹಾಗೆ ನಾಲ್ಕೂ ಬರೆದು ಒಂದರ ಕೆಳಗೆ ಒಂದು ಇಟ್ಟು ನೋಡುವಾಗ ನನಗೆ ನಾಲ್ಕನ್ನೂ ಜೋಡಿಸುವ ನೂಲು ಕಾಣ್ಲಿಕ್ಕೆ ಶುರು ಆಯ್ತು. ಅಡಿಕೆ ಅಂಗಡಿಯಲ್ಲಿ ಧನಿಗಳು ಚೀಲಕ್ಕೆ ಕೈ ಹಾಕಿ ನಾಲ್ಕು ಅಡಿಕೆ ತೆಗೆದು ಅಡಕತ್ತರಿಯಲ್ಲಿ ಕತ್ತರಿಸಿ ಒಳಗಿನ ಬಣ್ಣ ನೋಡಿ ಇದು ಚಾಲಿ, ಇದು ಪಟೋರ, ಇದು ಕರಿಗೋಟು ಅಂತ ಬೇರೆ ಮಾಡಿ, ಯಾವುದನ್ನು ಈ ವಾರವೇ ಕೊಡ್ಬೇಕು, ಯಾವುದನ್ನು ಡಬ್ಬಲ್ ಚೋಲ್ (ಹಳೇ ದಾಸ್ತಾನು) ಆಗೋವರೆಗೆ ಇಟ್ಕೊಳ್ಬೇಕು ಅಂತ ಹೇಳ್ತಿದ್ರು, ಮಳೆಗಾಲದಲ್ಲಿ ಇಟ್ಕೊಂಡದ್ದಕ್ಕೆ ಬೂಸ್ಟು ಬಂದ್ರೆ ನಷ್ಟ ಎಷ್ಟು ಅಂತ ನಾನು ಲೆಕ್ಕ ಹಾಕ್ತಿದ್ದೆ. ಶಾರ್ಜಾದಲ್ಲಿ ಮೊಸರು. ಮಂಗಳೂರಲ್ಲಿ ಎಕ್ಸ್‌ಪೈರಿ ಹತ್ತಿರ ಬಂದ ಔಷಧವನ್ನು ಕಂಪನಿಗೆ ವಾಪಸ್ ಕಳಿಸೋದು ಯಾವಾಗ ಅಂತ. ಡಿಪೋದಲ್ಲಿ ಮೇ ತಿಂಗಳಲ್ಲೇ ಗೊಬ್ಬರ ತುಂಬಿಸ್ಬೇಕಾ, ಮಳೆ ನೋಡಿ ತರಿಸ್ಬೇಕಾ ಅಂತ. ನಾಲ್ಕೂ ಕಡೆ ನಾನು ಮಾಡಿದ್ದು ಒಂದೇ ಕೆಲಸ: ಸರಕನ್ನು ಎಷ್ಟು ದಿನ ಹಿಡ್ಕೊಳ್ಳೋದು, ಯಾವಾಗ ಬಿಡೋದು. ಅಷ್ಟು ವರ್ಷ ನನಗೇ ಗೊತ್ತಿರ್ಲಿಲ್ಲ.

ಒಂದು ಎಚ್ಚರ. ನೂಲು ಸಿಗದಿದ್ರೆ ಹೊಸೆಯೋದು ಬೇಡ. ಕೆಲವರಿಗೆ ಸರಕಿನ ಬದಲು ಜನ ಸಿಗ್ತಾರೆ, ಟೀಚರ್ ಆಗಿದ್ದು ಆಮೇಲೆ ಇನ್ಶೂರೆನ್ಸ್ ಏಜೆಂಟ್ ಆಗಿ ಆಮೇಲೆ ಆಸ್ಪತ್ರೆಯ ರಿಸೆಪ್ಷನ್ ನೋಡಿದ ನಮ್ಮ ಕುಂಬಳೆಯ ಒಬ್ಬ ಅಕ್ಕನಿಗೆ ಸಿಕ್ಕಿದ್ದು ಹೆದರಿಕೊಂಡು ಬಂದವರಿಗೆ ಕಷ್ಟದ ಕಾಗದವನ್ನು ಅವರ ಭಾಷೆಯಲ್ಲಿ ಅರ್ಥ ಮಾಡಿಸೋದು. ಕೆಲವರಿಗೆ ಎರಡು ಕೆಲಸ ಸೇರ್ತದೆ, ಮೂರನೆಯದ್ದು ಸೇರೋದಿಲ್ಲ. ಆ ಮೂರನೆಯದ್ದನ್ನು ದುಡ್ಡಿನ ಅಗತ್ಯಕ್ಕೆ ಮಾಡಿದೆ ಅಂತ ನೇರ ಹೇಳಿ. ಮನೆ ಸಾಲ ತೀರಿಸ್ಲಿಕ್ಕೆ ದುಡಿದದ್ದು ಮುಚ್ಚಿಡುವ ವಿಷಯವೇ ಅಲ್ಲ.

ಭಾಷೆಯದ್ದೂ ಹಾಗೇ. ಸಪ್ತಭಾಷಾ ಸಂಗಮ ಭೂಮಿಯವರು ನಾವು, ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಬಾಯಲ್ಲಿ ಉಂಟು, ಅದನ್ನು ರೆಸ್ಯೂಮೆಯ ಕೊನೆಗೆ ಪಟ್ಟಿ ಮಾಡಿ ಬಿಡ್ತೇವೆ. ಪಟ್ಟಿಯಿಂದ ಏನೂ ಆಗೋದಿಲ್ಲ. ಗೊಬ್ಬರ ತಡವಾಗಿ ಬಂದ ದಿನ ಡಿಪೋ ಮುಂದೆ ಸಿಟ್ಟಲ್ಲಿ ನಿಂತ ಅರುವತ್ತು ಜನರ ಹತ್ರ ಮೂರು ಭಾಷೆಯಲ್ಲಿ ಮಾತಾಡಿ ಟೋಕನ್ ಕೊಟ್ಟು ಕಳಿಸಿದ್ದನ್ನು ನಾನು ಪ್ರಬಂಧದಲ್ಲಿ ಬರೆದಿದ್ದೆ, ಇಂಟರ್ವ್ಯೂನಲ್ಲಿ ಅದರ ಬಗ್ಗೆಯೇ ಮೊದಲ ಪ್ರಶ್ನೆ ಬಂತು.

ರೆಸ್ಯೂಮೆ ಒಂದೇ ಪುಟ, ಇತ್ತೀಚಿನ ಕೆಲಸ ಮೇಲೆ, ತಿಂಗಳು ಮತ್ತೆ ವರ್ಷ ಎರಡೂ ಹಾಕಿ. ಬರೇ ವರ್ಷ ಹಾಕಿದ್ರೆ ಗುಂಡಿ ಮುಚ್ಚಲಿಕ್ಕೆ ಹಾಕಿದ್ದು ಅಂತ ಓದುವವರಿಗೆ ಕೂಡ್ಲೇ ಗೊತ್ತಾಗ್ತದೆ. ಖಾಲಿ ಇದ್ದ ತಿಂಗಳಿಗೆ ಒಂದು ಸಾಲು ಸಾಕು. "2020 ಮಾರ್ಚಿಂದ ಸೆಪ್ಟೆಂಬರ್: ರಾಜ್ಯದ ಗಡಿ ಮುಚ್ಚಿದ್ದರಿಂದ ಮಂಗಳೂರಿನ ಕೆಲಸಕ್ಕೆ ಹೋಗಲಾಗಲಿಲ್ಲ, ಮನೆಯ ತೋಟ ನೋಡಿಕೊಂಡೆ." ಅಷ್ಟೇ ಬರೆದದ್ದು. ಅದರಲ್ಲಿ ನಾನು ಎಷ್ಟು ಕಲಿತೆ, ಹೇಗೆ ಬೆಳೆದೆ ಅಂತ ಉದ್ದ ಎಳೀಬೇಡಿ.

ಪ್ರಬಂಧದಲ್ಲಿ ಎಲ್ಲ ಸ್ಕೂಲಿನವರೂ ಬೇರೆ ಬೇರೆ ಮಾತಲ್ಲಿ ಕೇಳೋದು ಎರಡೇ, ಯಾಕೆ ಈಗ ಎಂಬಿಎ, ಮುಗಿದ ಮೇಲೆ ಎಂತ. ಮ್ಯಾನೇಜ್‌ಮೆಂಟ್ ಕೌಶಲ ಬೆಳೆಸಲಿಕ್ಕೆ ಅಂತ ಬರೀಬೇಡಿ. ನಿಮ್ಮ ಕೈ ಎಲ್ಲಿ ಕಟ್ಟಿ ಹೋಯ್ತು ಅಂತ ಬರೀರಿ. ನನಗೆ ಮೊಸರಿನ 40 ಕ್ರೇಟು ಬಿಲ್ಲಿನ ಹಿಂದೆ ಬರೆದು ಆಗ್ತಿತ್ತು, ಡಿಪೋದಲ್ಲಿ ಹದಿನೇಳು ಬಗೆ ಗೊಬ್ಬರ, ಆರು ಪಂಚಾಯತು, ಬ್ಯಾಂಕ್ ಬಡ್ಡಿ ಎಲ್ಲ ಸೇರುವಾಗ ಆಗ್ಲಿಲ್ಲ, ಅಲ್ಲಿ ನನಗೆ ಗೊತ್ತಿಲ್ಲದ ಲೆಕ್ಕ ಒಂದು ಉಂಟು, ಅದನ್ನು ಕಲೀಲಿಕ್ಕೆ ಬರ್ತೇನೆ ಅಂತ ಬರೆದೆ. ಮುಂದಿನ ಗುರಿಗೂ ಹಾಗೇ, ರೈತರ ಬೆಳೆಯ ಗೋದಾಮು ನಡೆಸುವ ಕಂಪನಿಯಲ್ಲಿ ಕೆಲಸ ಅಂತ ಹೆಸರು ಹಿಡಿದೇ ಹೇಳಿದೆ. ಅಡಿಕೆ ಬೆಳೆಗಾರರೇ ಸೇರಿ 1973ರಲ್ಲಿ ಕಟ್ಟಿದ ಕ್ಯಾಂಪ್ಕೋ ನಮ್ಮ ಕಣ್ಣೆದುರೇ ಉಂಟು, ಪುತ್ತೂರಲ್ಲಿ ಚಾಕೊಲೇಟ್ ಫ್ಯಾಕ್ಟರಿ ನಡೆಸ್ತದೆ, ಇಂಥಾ ಉದಾಹರಣೆ ಊರಲ್ಲೇ ಇರುವಾಗ ಅಮೆರಿಕದ ಕಂಪನಿಯ ಹೆಸರು ಹೇಳುವ ಅಗತ್ಯ ನನಗೆ ಕಾಣ್ಲಿಲ್ಲ.

ಶಿಫಾರಸು ಪತ್ರಕ್ಕೆ ದೊಡ್ಡ ಹುದ್ದೆಯವರನ್ನು ಹುಡುಕೋದು ದೊಡ್ಡ ತಪ್ಪು. ನಿಮ್ಮ ಕೆಲಸ ಕಣ್ಣಾರೆ ನೋಡಿದವರು ಬೇಕು. ಸಾಮಾನ್ಯವಾಗಿ ಎರಡು ಪ್ರಶ್ನೆ ಇರ್ತದೆ, ಇದೇ ಕೆಲಸ ಮಾಡುವ ಬೇರೆಯವರಿಗೆ ಹೋಲಿಸಿದ್ರೆ ಇವರು ಹೇಗೆ, ಮತ್ತೆ ಇವರನ್ನು ನೀವು ಯಾವುದರಲ್ಲಿ ತಿದ್ದಿದ್ರಿ, ಅವರು ಹೇಗೆ ತಗೊಂಡ್ರು. ಎರಡನೆಯದ್ದಕ್ಕೆ ಉತ್ತರ ಜೊತೆಗೆ ದುಡಿದವರಿಗೆ ಮಾತ್ರ ಗೊತ್ತಿರ್ತದೆ. ಡಿಪೋದ ಸೆಕ್ರೆಟರಿ ಸರ್ ನನ್ನ ಬಗ್ಗೆ ಬರೆದದ್ದು, ಹುಡುಗ ಲೆಕ್ಕದಲ್ಲಿ ಚುರುಕು, ಆದ್ರೆ ಸುರುವಿಗೆ ಹಮಾಲರ ಹತ್ರ ಕೇಳದೆ ಲೋಡ್ ಇಳಿಸುವ ಹೊತ್ತು ಬದಲಾಯಿಸಿ ಜಗಳ ಮಾಡ್ಕೊಂಡ, ನಾನು ಕರೆದು ಹೇಳಿದ ಮೇಲೆ ಮರುದಿನ ಅವರೊಟ್ಟಿಗೆ ಕೂತು ಚಾ ಕುಡಿದು ಸರಿ ಮಾಡಿದ ಅಂತ. ಇಂಥ ಸಾಲು ದುಡ್ಡು ಕೊಟ್ರೂ ಸಿಗೋದಿಲ್ಲ. ಅವರಿಗೆ ಇಂಗ್ಲಿಷ್ ಬರೆಯೋದು ಕಷ್ಟ ಆದ್ರೆ ಮಗನೋ ಸೊಸೆಯೋ ಟೈಪ್ ಮಾಡ್ಲಿ, ನೀವು ಮಾತ್ರ ಬರೆದು ಕೊಡ್ಬೇಡಿ, ನಿಮ್ಮ ಶೈಲಿ ಎರಡೂ ಕಡೆ ಒಂದೇ ಅಂತ ಗೊತ್ತಾಗ್ತದೆ. ಒಂದು ತಿಂಗಳು ಮುಂಚೆ ಹೇಳಿ, ಒಟ್ಟಿಗೆ ಮಾಡಿದ ಕೆಲಸಗಳನ್ನು ನೆನಪು ಮಾಡ್ಸಿ, ಅಷ್ಟು ಮಾಡ್ಬಹುದು.

ಪರೀಕ್ಷೆ ಬಗ್ಗೆ ಚಿಕ್ಕದಾಗಿ. ಕ್ಯಾಟ್ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ, ಅರ್ಜಿ ಆಗಸ್ಟಲ್ಲಿ ತೆರೀತದೆ. ಮೂರು ಭಾಗ, ಒಂದೊಂದಕ್ಕೆ 40 ನಿಮಿಷ, ಸೆಂಟರ್ ಮಂಗಳೂರು ಹಾಕ್ಬಹುದು, ಸ್ಕೋರು ಆ ವರ್ಷಕ್ಕೆ ಮಾತ್ರ. ಜಿಮ್ಯಾಟ್ ವರ್ಷ ಪೂರ್ತಿ ಇರ್ತದೆ, ಈಗಿನದ್ದು ಮೂರು ಭಾಗ ತಲಾ 45 ನಿಮಿಷ, ಮಾರ್ಕು 205ರಿಂದ 805ರವರೆಗೆ, ಸ್ಕೋರಿಗೆ ಐದು ವರ್ಷ ಆಯಸ್ಸು, ಸರಿ ಬರದಿದ್ರೆ 16 ದಿನ ಕಳೆದು ಪುನಃ ಬರೀಬಹುದು. ಕೆಲಸ ಮಾಡ್ತಾ ಓದುವವರಿಗೆ ಈ ಐದು ವರ್ಷ ದೊಡ್ಡ ಅನುಕೂಲ. ನಿಮ್ಮ ಡಿಗ್ರಿ ಮಾರ್ಕು ಕಡಿಮೆ ಇದ್ರೆ, ಲೆಕ್ಕದ ಭಾಗಕ್ಕೆ ಹೆಚ್ಚು ಸಮಯ ಹಾಕಿ, ಹಳೇ ಮಾರ್ಕಿಗೆ ಉತ್ತರ ಕೊಡುವ ಜಾಗ ಅದೊಂದೇ.

ಇಂಟರ್ವ್ಯೂ. ಪ್ರತಿ ಕೆಲಸ ಯಾಕೆ ಬಿಟ್ರಿ ಅಂತ ಕೇಳಿಯೇ ಕೇಳ್ತಾರೆ. ಒಂದೊಂದಕ್ಕೆ ಎರಡು ವಾಕ್ಯ ತಯಾರಿ ಇರ್ಲಿ, ಹಳೇ ಧನಿಗಳನ್ನು ಬೈಯೋದು ಬೇಡ. ನನಗೆ ಮೂರು ಜನ ಎದುರಿದ್ರು, ಮಧ್ಯದಲ್ಲಿ ಕೂತ ಮೇಡಂ ಪುಟ ತಿರುಗಿಸ್ತಾ, ನಾಲ್ಕು ಕಡೆ ಬಿಟ್ಟಿದ್ದೀರಿ, ನಮ್ಮ ಕೋರ್ಸನ್ನೂ ಬಿಟ್ಟು ಹೋಗ್ತೀರಾ ಅಂತ ಕೇಳಿದ್ರು. ಎದೆ ಧಸಕ್ ಅಂತು. ಸ್ವಲ್ಪ ಹೊತ್ತು ಸುಮ್ಮನೆ ಇದ್ದು ಹೇಳಿದೆ, ಅಂಗಡಿ ಬಿಟ್ಟದ್ದು ಧನಿಗಳ ಮಗ ಬಂದು ಲೆಕ್ಕ ವಹಿಸ್ಕೊಂಡ ಮೇಲೆ, ಶಾರ್ಜಾ ಬಿಟ್ಟದ್ದು ಕಾಂಟ್ರಾಕ್ಟ್ ಮುಗಿದ ಮೇಲೆ, ಮಂಗಳೂರು ಬಿಟ್ಟದ್ದಲ್ಲ ದಾರಿಯೇ ಮುಚ್ಚಿದ್ದು, ಡಿಪೋದಲ್ಲಿ ಇವತ್ತಿಗೂ ಇದ್ದೇನೆ, ಬಿಡುವ ಮೊದಲು ಮುಂದಿನವರಿಗೆ ಹೇಳಿಕೊಡುವ ಪುಸ್ತಕ ಬರೀತಾ ಇದ್ದೇನೆ ಅಂತ. ಪುಸ್ತಕದಲ್ಲಿ ಎಂತ ಉಂಟು ಅಂತ ಕೇಳಿದ್ರು, ಮತ್ತೆ ಇಪ್ಪತ್ತು ನಿಮಿಷ ಗೊಬ್ಬರದ್ದೇ ಮಾತು. ನನ್ನ ಇಂಗ್ಲಿಷ್ ಅರಳು ಹುರಿದ ಹಾಗೆ ಇಲ್ಲ, ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಸಣ್ಣ ಸಣ್ಣ ವಾಕ್ಯದಲ್ಲಿ ಹೇಳಿದೆ, ಒಂದು ಶಬ್ದ ಸಿಗದಾಗ ನಿಲ್ಲಿಸಿ ಬೇರೆ ತರ ಹೇಳಿದೆ. ಯಾರೂ ಏನೂ ಅನ್ನಲಿಲ್ಲ.

ದುಡ್ಡಿನ ವಿಷಯ ಮನೆಯಲ್ಲಿ ಮೊದಲೇ ಮಾತಾಡಿ. ದೊಡ್ಡ ಐಐಎಂಗಳಲ್ಲಿ ಫೀಸು 20 ಲಕ್ಷದ ಮೇಲೆಯೇ. ಹೆಸರಿದ್ದ ಸಂಸ್ಥೆಗೆ ಬ್ಯಾಂಕಿನವರು ಜಾಗದ ಆಧಾರ ಇಲ್ಲದೆಯೂ ಸಾಲ ಕೊಡ್ತಾರೆ, ಕೇಂದ್ರ ಸರಕಾರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ 2024ರ ನವೆಂಬರಲ್ಲಿ ಒಪ್ಪಿಗೆ ಆದ ಮೇಲೆ ಇದು ಇನ್ನೂ ಸುಲಭ ಆಗಿದೆ. ತೋಟದ ಪಟ್ಟೆ (ಹಕ್ಕುಪತ್ರ) ತಗೊಂಡು ಬ್ಯಾಂಕಿಗೆ ಓಡುವ ಮೊದಲು ನಿಮ್ಮ ಸ್ಕೂಲು ಆ ಯೋಜನೆಯ ಸಂಸ್ಥೆಗಳ ಪಟ್ಟಿಯಲ್ಲಿ ಉಂಟಾ ನೋಡಿ, ಅಪ್ಪನಿಗೂ ತೋರಿಸಿ, ಅರ್ಧ ಹೆದರಿಕೆ ಅಲ್ಲೇ ಹೋಗ್ತದೆ.

ಅರ್ಜಿ ಒಟ್ಟು ಮೂರೋ ನಾಲ್ಕೋ ಸಾಕು, ಒಂದೇ ಪ್ರಬಂಧವನ್ನು ಹೆಸರು ಬದಲಾಯಿಸಿ ಹತ್ತು ಕಡೆ ಕಳಿಸ್ಬೇಡಿ. ಸಬ್ಮಿಟ್ ಒತ್ತುವ ಮೊದಲು ಕಾಗದದ ತಾರೀಕು, ರೆಸ್ಯೂಮೆಯ ತಾರೀಕು, ಫಾರ್ಮಿನ ತಾರೀಕು ಮೂರನ್ನೂ ಪಕ್ಕ ಪಕ್ಕ ಇಟ್ಟು ಬೇರೆ ಯಾರ ಹತ್ರವಾದ್ರೂ ಓದಿಸಿ, ನನ್ನದನ್ನು ತಂಗಿ ಓದಿದ್ದು, ಶಾರ್ಜಾದಿಂದ ಬಂದ ತಿಂಗಳು ಎರಡು ಕಡೆ ಬೇರೆ ಬೇರೆ ಇದ್ದದ್ದು ಅವಳಿಗೇ ಸಿಕ್ಕಿದ್ದು. ಒತ್ತಿದ ಮೇಲೆ ಪೂರ್ತಿ ಫಾರ್ಮನ್ನು ಪ್ರಿಂಟ್ ತೆಗೆದು ಕಾಗದದ ಫೈಲಲ್ಲೇ ಇಡಿ, ಇಂಟರ್ವ್ಯೂ ಬರುವಾಗ ನಾಲ್ಕು ತಿಂಗಳು ಕಳೆದಿರ್ತದೆ, ಎಂತ ಬರೆದಿದ್ದೆ ಅಂತ ಮರೆತು ಹೋಗಿರ್ತದೆ, ಅವರ ಮೇಜಿನ ಮೇಲೆ ಇರೋದು ಅದೇ ಪುಟಗಳು.